ಹದಿನೈದು ಔಟ್ ಇದ್ದಾಗ ಕಾಯುತ್ತಾ ಕೂರಬೇಡಿ: ಹೋಲ್ಡೆಮ್‌ನಲ್ಲಿ ದೊಡ್ಡ ಡ್ರಾ ಆಡುವ ಬಗೆ

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಎಲೆ ಹಿಡಿಯಲು ಕಲಿತವರು ಹೆಚ್ಚಾಗಿ ರಮ್ಮಿಯಿಂದಲೋ ಮೂರೆಲೆಯಿಂದಲೋ ಬಂದವರು. ಮೂರೆಲೆಯಲ್ಲಿ ಡ್ರಾ (ಬೇಕಾದ ಎಲೆ ಬಿದ್ದರೆ ಪೂರ್ತಿಯಾಗುವ ಕೈ) ಎಂಬುದೇ ಇಲ್ಲ, ಮೂರೂ ಎಲೆ ಮೊದಲೇ ಕೈಗೆ ಬಂದಿರುತ್ತವೆ. ರಮ್ಮಿಯಲ್ಲಿ ಎಲೆಗೆ ಕಾಯುವುದೇ ಆಟ. ಆಟೀನ್ 5–6 ಹಿಡಿದು 4ಕ್ಕೋ 7ಕ್ಕೋ ಕಾಯುವವನಿಗೆ ಪ್ರತಿ ಸರದಿಗೂ ಹೊಸದಾಗಿ ದುಡ್ಡು ಸುರಿಯುವ ಪ್ರಮೇಯ ಬರುವುದಿಲ್ಲ. ಆ ಅಭ್ಯಾಸವನ್ನೇ ನೋ ಲಿಮಿಟ್ ಹೋಲ್ಡೆಮ್‌ಗೆ (ಕೈಯಲ್ಲಿ ಎರಡು ಎಲೆ, ನಡುವೆ ಎಲ್ಲರಿಗೂ ಸೇರಿದ ಐದು ಎಲೆ ಇಟ್ಟು ಆಡುವ ಪೋಕರ್) ತಂದವರ ಆಟ ಒಂದೇ ಥರ ಇರುತ್ತದೆ: ಫ್ಲಾಪ್‌ನಲ್ಲಿ (ನಡುವೆ ಬೀಳುವ ಮೊದಲ ಮೂರು ಎಲೆ) ಚೆಕ್ (ಬೆಟ್ ಹಾಕದೆ ಸರದಿ ಬಿಡುವುದು), ಕಾಲ್ (ಎದುರಿನವನ ಬೆಟ್‌ಗೆ ಸಮ ಹಾಕುವುದು). ಟರ್ನ್‌ನಲ್ಲಿ (ನಾಲ್ಕನೆಯ ಎಲೆ) ಚೆಕ್, ಕಾಲ್. ರಿವರ್‌ನಲ್ಲಿ (ಐದನೆಯ, ಕೊನೆಯ ಎಲೆ) ಬೇಕಾದ ಎಲೆ ಬೀಳಲಿಲ್ಲ, ಫೋಲ್ಡ್ (ಕೈ ಬಿಡುವುದು). ಬಿದ್ದರೆ ದೊಡ್ಡ ಬೆಟ್, ಆಗ ಎದುರಿನವನು ಫೋಲ್ಡ್.

ಈ ಬರಹದಲ್ಲಿ ಹೇಳಬೇಕಾದ ಮುಖ್ಯ ಮಾತು ಒಂದೇ. ದೊಡ್ಡ ಡ್ರಾಗೆ ಗೆಲ್ಲಲು ಎರಡು ದಾರಿ ಇವೆ: ಎಲೆ ಬಿದ್ದು ಗೆಲ್ಲುವುದು, ಎದುರಾಳಿ ಫೋಲ್ಡ್ ಮಾಡಿದ್ದಕ್ಕೆ ಗೆಲ್ಲುವುದು. ಬರೀ ಕಾಲ್ ಮಾಡುವವನು ಎರಡನೆಯ ದಾರಿಯನ್ನು ತಾನೇ ಮುಚ್ಚಿಕೊಂಡಿರುತ್ತಾನೆ. ಆ ದಾರಿ ಯಾವ ಟೇಬಲ್‌ನಲ್ಲಿ ತೆರೆದಿದೆ, ಯಾವುದರಲ್ಲಿ ಇಲ್ಲವೇ ಇಲ್ಲ ಎಂದು ಗುರುತಿಸುವುದರಲ್ಲೇ ಡ್ರಾ ಆಡುವ ಜಾಣತನ ಇರುವುದು.

ಮುಂದೆ ಹೋಗುವ ಮೊದಲು ಕಾನೂನಿನ ಮಾತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೌಶಲ, ಅದೃಷ್ಟ ಎಂಬ ಭೇದ ಮಾಡದೆ ನಿಷೇಧಿಸಿದೆ. ಪೋಕರ್ ಕೂಡ ಅದರೊಳಗೇ ಬರುತ್ತದೆ. ಆದ್ದರಿಂದ ಇಲ್ಲಿನ ಲೆಕ್ಕವೆಲ್ಲ ಉಚಿತ ಚಿಪ್ಸ್ ಟೇಬಲ್‌ಗೆ, ಗೆಳೆಯರು ಸೇರಿ ಹಣವಿಲ್ಲದೆ ಆಡುವ ಖಾಸಗಿ ರೂಮ್‌ಗೆ. ಟೆಲಿಗ್ರಾಂನಲ್ಲಿ ಲಿಂಕ್ ಕಳಿಸಿ ಯುಪಿಐನಲ್ಲಿ ಚಿಪ್ಸ್ ಮಾರುವವರ ಆ್ಯಪ್‌ಗಳ ಹತ್ತಿರವೂ ಹೋಗಬೇಡಿ. ಹಾಕಿದ ದುಡ್ಡಿಗೆ ಅಲ್ಲಿ ಯಾರೂ ಹೊಣೆ ಇರುವುದಿಲ್ಲ. ಲೆಕ್ಕ ಮಾತ್ರ ಚಿಪ್ಸ್‌ಗೆ ಬೆಲೆ ಇದ್ದರೂ ಇಲ್ಲದಿದ್ದರೂ ಅದೇ.

ಔಟ್ ಎಣಿಸುವುದು

ಔಟ್ ಎಂದರೆ ನಿಮ್ಮ ಕೈಯನ್ನು ಪೂರ್ತಿ ಮಾಡುವ, ಇನ್ನೂ ಕಾಣದ ಎಲೆ. ಫ್ಲಶ್ (ಐದೂ ಆಟೀನ್ ಎಂಬಂತೆ ಒಂದೇ ಜಾತಿಯ ಐದು ಎಲೆ) ಡ್ರಾಗೆ 9 ಔಟ್. ಎರಡೂ ತುದಿ ತೆರೆದಿರುವ ಸ್ಟ್ರೇಟ್ (ಅಂಕಿ ಸಾಲಾಗಿರುವ ಐದು ಎಲೆ) ಡ್ರಾಗೆ 8. ನಡುವಿನ ಒಂದೇ ಎಲೆ ಬೇಕಿರುವ ಗಟ್‌ಶಾಟ್‌ಗೆ 4. ಫ್ಲಶ್ ಡ್ರಾ ಜೊತೆಗೆ ಗಟ್‌ಶಾಟ್ ಸೇರಿದರೆ 12. ಫ್ಲಶ್ ಡ್ರಾ ಜೊತೆಗೆ ತೆರೆದ ಸ್ಟ್ರೇಟ್ ಡ್ರಾ ಸೇರಿದರೆ 9 ಮತ್ತು 8 ಕೂಡಿ 17 ಅಲ್ಲ, 15. ಎರಡು ಎಲೆ ಎರಡೂ ಲೆಕ್ಕದಲ್ಲಿ ಬಂದಿರುತ್ತವೆ, ಅವನ್ನು ಒಮ್ಮೆ ಕಳೆಯಬೇಕು. ಹೊಸಬರು ತಪ್ಪುವ ಮೊದಲ ಜಾಗ ಇದು.

ಟರ್ನ್, ರಿವರ್ ಎರಡೂ ಬಾಕಿ ಇದ್ದಾಗ ಎಲೆ ಬೀಳುವ ಸಾಧ್ಯತೆ: 4 ಔಟ್‌ಗೆ ಶೇ 16.5, 8ಕ್ಕೆ ಶೇ 31.5, 9ಕ್ಕೆ ಶೇ 35, 12ಕ್ಕೆ ಶೇ 45, 15ಕ್ಕೆ ಶೇ 54. ರಿವರ್ ಒಂದೇ ಬಾಕಿ ಇದ್ದಾಗ 9ಕ್ಕೆ ಶೇ 19.6, 12ಕ್ಕೆ ಶೇ 26, 15ಕ್ಕೆ ಶೇ 32.6. ಬಾಯಿಲೆಕ್ಕಕ್ಕೆ ಎರಡು ಎಲೆ ಬಾಕಿ ಇದ್ದರೆ ಔಟ್ ಅನ್ನು 4ರಿಂದ, ಒಂದೇ ಬಾಕಿ ಇದ್ದರೆ 2ರಿಂದ ಗುಣಿಸಿ. 8ಕ್ಕಿಂತ ಹೆಚ್ಚು ಔಟ್ ಇದ್ದಾಗ 4ರ ಗುಣಲಬ್ಧ ಸ್ವಲ್ಪ ಉಬ್ಬಿರುತ್ತದೆ. 8ರ ಮೇಲೆ ಎಷ್ಟಿದೆಯೋ ಅಷ್ಟನ್ನು ಅದರಿಂದ ಕಳೆದರೆ ಸರಿಹೋಗುತ್ತದೆ. 15ನ್ನು 4ರಿಂದ ಗುಣಿಸಿದರೆ 60, ಅದರಲ್ಲಿ 7 ಕಳೆದರೆ 53.

ಆದರೆ 4ರಿಂದ ಗುಣಿಸುವ ಹಕ್ಕು ನಿಮಗೆ ಯಾವಾಗ ಇದೆ? ಎರಡೂ ಎಲೆಯನ್ನು ಇನ್ನಷ್ಟು ಚಿಪ್ಸ್ ಕೊಡದೆ ನೋಡಲು ಸಿಗುವಾಗ ಮಾತ್ರ, ಅಂದರೆ ಬಳಿ ಇರುವ ಚಿಪ್ಸ್ ಎಲ್ಲ ಹಾಕಿ ಆಲ್ ಇನ್ ಆದಾಗ. ಫ್ಲಾಪ್‌ನಲ್ಲಿ ಕಾಲ್ ಮಾಡಿದ ಮೇಲೆ ಟರ್ನ್‌ನಲ್ಲಿ ಮತ್ತೊಂದು ಬೆಟ್ ಬರುವುದಿದ್ದರೆ ನೀವು ಈಗ ಕೊಂಡದ್ದು ಒಂದೇ ಎಲೆ. ಶೇ 35 ಇದೆಯೆಂದು ಕಾಲ್ ಮಾಡಿ, ನಿಜಕ್ಕೂ ಶೇ 19ರ ಸರಕು ಕೊಂಡಿರುತ್ತೀರಿ. ಕಾಲ್ ಮಾಡುವವರ ಚಿಪ್ಸ್ ಸೋರುವ ದೊಡ್ಡ ತೂತು ಇದೇ. ಆಲ್ ಇನ್ ಆಗುವವನಿಗೆ ಎರಡೂ ಎಲೆ ಖಾತ್ರಿ. ಅದೇ ಡ್ರಾ, ಅದೇ ಫ್ಲಾಪ್, ಆದರೂ ಅವನ ಕೈ ಕಾಲ್ ಮಾಡಿದವನ ಕೈಗಿಂತ ಬೆಲೆಬಾಳುತ್ತದೆ.

ಔಟ್‌ನ ಸಂಖ್ಯೆಯಷ್ಟೇ ಅದರ ಗುಣವೂ ಮುಖ್ಯ. ಆಟೀನ್ ಎಕ್ಕ–ರಾಜ ಹಿಡಿದಿದ್ದೀರಿ, ಫ್ಲಾಪ್ ಆಟೀನ್ ಗುಲಾಮ, ಆಟೀನ್ 7, ಕಳಾವರ್ 3. ಒಂಬತ್ತು ಆಟೀನ್, ಮೂರು ಎಕ್ಕ, ಮೂರು ರಾಜ ಸೇರಿ 15 ಎನ್ನುತ್ತೀರಿ. ಎದುರಾಳಿಯ ಕೈಯಲ್ಲಿ ಎಕ್ಕ–ಗುಲಾಮ ಇದ್ದರೆ ಎಕ್ಕ ಬಿದ್ದಾಗ ಅವನಿಗೆ ಎರಡು ಜೋಡಿ, ನಿಮ್ಮ ಎಕ್ಕಗಳು ಲೆಕ್ಕಕ್ಕಿಲ್ಲ. ರಾಜ–ಗುಲಾಮ ಇದ್ದರೆ ರಾಜಗಳು ಹೋದವು. ಹಾಗಾಗಿ ಇಂಥ ಕಡೆ 12ರಿಂದ 13 ಎಂದು ಹಿಡಿಯುವುದು ಕ್ಷೇಮ.

ಒಂದು ಕೈ, ಮೊದಲಿಂದ ಕೊನೆವರೆಗೆ

ಆರು ಜನರ ಟೇಬಲ್, ಎಲ್ಲರ ಬಳಿ 100 ಬಿಗ್ ಬ್ಲೈಂಡ್ (ಎಲೆ ನೋಡುವ ಮೊದಲೇ ಒಬ್ಬ ಹಾಕಲೇಬೇಕಾದ ಬೆಟ್; ಸ್ಮಾಲ್ ಬ್ಲೈಂಡ್ ಅದರ ಅರ್ಧ). ಮುಂದೆ ಬಿಬಿ ಎಂದಷ್ಟೇ ಬರೆಯುತ್ತೇನೆ. ಬಟನ್‌ನಲ್ಲಿರುವವನು (ಫ್ಲಾಪ್‌ನಿಂದ ಮುಂದೆ ಕೊನೆಗೆ ಆಡುವವನು) 2.5 ಬಿಬಿಗೆ ರೇಸ್ ಮಾಡುತ್ತಾನೆ, ಅಂದರೆ ಬೆಟ್ ಏರಿಸುತ್ತಾನೆ, ಸ್ಮಾಲ್ ಬ್ಲೈಂಡ್ ಫೋಲ್ಡ್, ಬಿಗ್ ಬ್ಲೈಂಡ್‌ನಲ್ಲಿ ಆಟೀನ್ 8–7 ಹಿಡಿದ ನೀವು ಕಾಲ್. ಪಾಟ್, ಅಂದರೆ ನಡುವೆ ಸೇರಿದ ಚಿಪ್ಸ್, 5.5 ಬಿಬಿ. ಫ್ಲಾಪ್: ಆಟೀನ್ 9, ಆಟೀನ್ 6, ಕಳಾವರ್ 2. ನೀವು ಚೆಕ್, ಅವನು 3.5 ಬೆಟ್. ಈಗ ನಡುವೆ 9 ಬಿಬಿ ಇದೆ.

ಈ ಕೈಯ ಬಲ ಎಷ್ಟೆಂದು ಮೊದಲು ನೋಡಿ. ಆಟೀನ್ ಇಲ್ಲದ ಎಕ್ಕದ ಜೋಡಿ ಎದುರಿಗಿದ್ದರೆ ನಿಮಗೆ ಗೆಲ್ಲುವ ಸಾಧ್ಯತೆ ಶೇ 56. ಜೋಡಿಯೇ ಇಲ್ಲದ ನೀವು ಎರಡು ಎಕ್ಕದ ಮುಂದೆ ಮೇಲಿದ್ದೀರಿ. ಕೆಟ್ಟದ್ದನ್ನೇ ಊಹಿಸಿ, ಅವನ ಬಳಿ 2ರ ಜೋಡಿ ಇದ್ದು ಸೆಟ್ (ಒಂದೇ ಅಂಕಿಯ ಮೂರು ಎಲೆ) ಆಗಿದೆ ಎಂದುಕೊಳ್ಳಿ: ಆಗಲೂ ಶೇ 42. ಸೆಟ್ ಎದುರು ಇಳಿಯಲು ಕಾರಣ ಇದೆ. ಬೋರ್ಡ್‌ನಲ್ಲಿ ಯಾವ ಎಲೆ ಜೋಡಿಯಾದರೂ ಅವನಿಗೆ ಫುಲ್ ಹೌಸ್ (ಒಂದು ಅಂಕಿಯ ಮೂರು, ಇನ್ನೊಂದರ ಎರಡು; ಫ್ಲಶ್‌ಗಿಂತ ಮೇಲು), ನಿಮ್ಮ ಫ್ಲಶ್ ಬಂದರೂ ವ್ಯರ್ಥ. ಆಟೀನ್ 2 ಬಿದ್ದರಂತೂ ಅವನಿಗೆ ನಾಲ್ಕು ಎರಡು. ಆದರೆ ಆಟೀನ್ 10 ಅಥವಾ ಆಟೀನ್ 5 ಬಿದ್ದರೆ ನಿಮಗೆ ಸ್ಟ್ರೇಟ್ ಫ್ಲಶ್, ಅದನ್ನು ಅವನು ಏನು ಮಾಡಿದರೂ ಮೀರಲಾರ.

ಈಗ 12 ಬಿಬಿಗೆ ಚೆಕ್ ರೇಸ್ ಮಾಡಿ, ಅಂದರೆ ಮೊದಲು ಚೆಕ್ ಮಾಡಿದ ನೀವು ಅವನ ಬೆಟ್ ಅನ್ನು ಏರಿಸಿ. ಅವನು ಫೋಲ್ಡ್ ಮಾಡಿದರೆ 9 ಬಿಬಿ ಅಲ್ಲೇ ನಿಮ್ಮದು. ಕೈಯಲ್ಲಿ ಏನೂ ಇಲ್ಲದವನು ಹೀಗೆ ರೇಸ್ ಮಾಡಿದರೆ ನೂರರಲ್ಲಿ 57 ಬಾರಿ ಫೋಲ್ಡ್ ಬೇಕು, 12ನ್ನು 21ರಿಂದ ಭಾಗಿಸಿ ನೋಡಿ. ನಿಮಗೆ ಅಷ್ಟು ಬೇಕಿಲ್ಲ, ಏಕೆಂದರೆ ಕಾಲ್ ಬಂದರೂ ನೀವು ಅರ್ಧ ಗೆದ್ದಿದ್ದೀರಿ.

ಅವನು ಆಲ್ ಇನ್ ಎಂದು ಮರುರೇಸ್ ಮಾಡಿದರೆ? ನೀವು ಇನ್ನೂ 85.5 ಬಿಬಿ ಕೊಡಬೇಕು, ಕೊಟ್ಟರೆ ಒಟ್ಟು ಪಾಟ್ 200.5. ಅಂದರೆ ಶೇ 42.6 ಗೆಲ್ಲುವ ಬಲ ಬೇಕು. ಅವನು ಸೆಟ್‌ನಿಂದ ಮಾತ್ರ ಹೀಗೆ ಮಾಡುವವನಾದರೆ ನಿಮ್ಮ ಕಾಲ್‌ನಿಂದ ಆಗುವ ನಷ್ಟ ಸರಾಸರಿ ಒಂದು ಬಿಬಿ ಚಿಲ್ಲರೆ, ಅಷ್ಟೇ. ಅವನು 10ರ ಜೋಡಿಯಿಂದ ಎಕ್ಕದ ಜೋಡಿವರೆಗೂ ಎಲ್ಲದರಿಂದ ಹೀಗೆ ಆಡಿದರೆ ಲೆಕ್ಕ ಬೇರೆ. 9, 6, 2ರ ಸೆಟ್‌ಗಳು ಒಟ್ಟು 9 ಬಗೆಯಲ್ಲಿ ಬರಬಹುದು. ಆ ಐದು ದೊಡ್ಡ ಜೋಡಿಗಳು 30 ಬಗೆಯಲ್ಲಿ. ಎರಡನ್ನೂ ಸೇರಿಸಿ ಸರಾಸರಿ ತೆಗೆದರೆ ನಿಮ್ಮ ಬಲ ಶೇ 50ರ ಆಸುಪಾಸಿಗೆ ಬರುತ್ತದೆ. ಕಾಲ್ ಮಾಡಲು ಯೋಚನೆ ಬೇಡ. ಹೆದರಬೇಕಾದ ಕೈ ಬೇರೆಯೇ: ಆಟೀನ್ ಎಕ್ಕ–ರಾಜದಂಥ ದೊಡ್ಡ ಫ್ಲಶ್ ಡ್ರಾ. ಆಗ ನಿಮ್ಮ ಆಟೀನ್‌ಗಳಲ್ಲಿ ಸ್ಟ್ರೇಟ್ ಫ್ಲಶ್ ಆಗುವ ಎರಡು ಬಿಟ್ಟರೆ ಉಳಿದವು ನಿಮಗೆ ಔಟ್ ಅಲ್ಲ, ನಿಮ್ಮನ್ನು ಖಾಲಿ ಮಾಡುವ ಎಲೆಗಳು.

ಅವನು 12ಕ್ಕೆ ಕಾಲ್ ಮಾಡಿದ ಎಂದುಕೊಳ್ಳಿ. ಪಾಟ್ 29.5, ನಿಮ್ಮ ಬಳಿ 85.5 ಉಳಿದಿದೆ. ಟರ್ನ್ ಡೈಮಂಡ್ 3, ಯಾರಿಗೂ ಸಂಬಂಧವಿಲ್ಲದ ಎಲೆ. ಇಲ್ಲಿ ಬೆಟ್‌ನ ಗಾತ್ರವನ್ನು ಮುಂದಿನ ಹೆಜ್ಜೆ ನೋಡಿಯೇ ಆರಿಸಬೇಕು. 20 ಹಾಕಿದರೆ, ಅವನು ಆಲ್ ಇನ್ ಅಂದಾಗ ನೀವು 65.5 ಕೊಟ್ಟು 200.5ರ ಪಾಟ್ ನೋಡಬೇಕು: ಶೇ 32.7 ಬೇಕು. ನಿಮಗಿರುವುದು ದೊಡ್ಡ ಜೋಡಿ ಎದುರು ಶೇ 34, ಸೆಟ್ ಎದುರು ಶೇ 30. ಸರಿಯಾಗಿ ನಡುಗೆರೆಯ ಮೇಲೆ. 30 ಹಾಕಿದರೆ ಬೇಕಾಗುವುದು ಶೇ 27.7, ಆಗ ಕಾಲ್ ಸಲೀಸು. 12 ಹಾಕಿದರೆ ಶೇ 36.7 ಬೇಕು, ಫೋಲ್ಡ್ ಮಾಡಲೇಬೇಕು. ಹದಿನೈದು ಔಟ್ ಹಿಡಿದು ಫೋಲ್ಡ್ ಮಾಡಬೇಕಾದ ಬೆಟ್ ಹಾಕುವುದು ಕೈಯಾರೆ ಬಲ ಎಸೆದಂತೆ. ಆದ್ದರಿಂದ ಈ ಕೈಗೆ ಪಾಟ್‌ನಷ್ಟೇ ಬೆಟ್ ನನ್ನ ಆಯ್ಕೆ. ಬರೀ ಫ್ಲಶ್ ಡ್ರಾ ಆಗಿದ್ದರೆ ತಿರುಗಾಮುರುಗಾ: ಟರ್ನ್‌ನಲ್ಲಿ ಬಲ ಶೇ 20ಕ್ಕೆ ಇಳಿದಿರುತ್ತದೆ, ಆಗ ಸಣ್ಣ ಬೆಟ್ ಹಾಕಿ, ಮರುರೇಸ್ ಬಂದರೆ ನಿಶ್ಚಿಂತೆಯಿಂದ ಬಿಡುವ ಹಾಗಿರಬೇಕು. ಇಲ್ಲವೇ ಚೆಕ್.

ಟರ್ನ್‌ನಲ್ಲಿ 9 ಅಥವಾ 6 ಮತ್ತೆ ಬಿದ್ದರೆ ವೇಗ ತಗ್ಗಿಸಿ. ಸೆಟ್ ಇದ್ದವನಿಗೆ ಫುಲ್ ಹೌಸ್ ಆಗಿದೆ, ನಿಮ್ಮ 15ರಲ್ಲಿ ಎರಡೇ ಎಲೆ ಜೀವಂತ. 8 ಅಥವಾ 7 ಬಿದ್ದರೆ ಖುಷಿಪಡಿ. ದೊಡ್ಡ ಜೋಡಿ ಎದುರು ನಿಮ್ಮ ಔಟ್ 20ಕ್ಕೆ ಏರಿದೆ.

ಅದೇ ಡ್ರಾ, ಫ್ಲಾಪ್‌ನಲ್ಲಿ ಒಂದು ಬೆಲೆ, ಟರ್ನ್‌ನಲ್ಲಿ ಇನ್ನೊಂದು

ಇದನ್ನು ಸಂಖ್ಯೆಯಲ್ಲಿ ನೋಡದೆ ನಂಬುವುದು ಕಷ್ಟ. ಪಾಟ್ 100, ನಿಮ್ಮಿಬ್ಬರ ಬಳಿ ಉಳಿದದ್ದು 200, ನೀವು ಆಲ್ ಇನ್ ಹಾಕುತ್ತೀರಿ. ಕೈಯಲ್ಲಿ 9 ಔಟ್‌ನ ಫ್ಲಶ್ ಡ್ರಾ. ಫ್ಲಾಪ್‌ನಲ್ಲಿ ಕಾಲ್ ಬಂದರೆ 500ರ ಪಾಟ್‌ನಲ್ಲಿ ಶೇ 35, ಅಂದರೆ 175 ನಿಮ್ಮ ಪಾಲು. ಹಾಕಿದ್ದು 200. ಕಾಲ್ ಬಂದಾಗಲೆಲ್ಲ 25 ನಷ್ಟ, ಫೋಲ್ಡ್ ಬಂದಾಗಲೆಲ್ಲ 100 ಲಾಭ. ಐದರಲ್ಲಿ ಒಂದು ಬಾರಿ ಫೋಲ್ಡ್ ಬಂದರೂ ಸರಿಹೋಯಿತು. ಟರ್ನ್‌ನಲ್ಲಿ ಅದೇ ಪಾಟ್, ಅದೇ ಸ್ಟ್ಯಾಕ್ (ಬಳಿ ಉಳಿದ ಚಿಪ್ಸ್) ಇಟ್ಟುಕೊಂಡು ನೋಡಿ: ಶೇ 19.6 ಎಂದರೆ 98 ಪಾಲು, ಕಾಲ್ ಬಂದರೆ 102 ನಷ್ಟ. ಈಗ ಎರಡರಲ್ಲಿ ಒಂದು ಬಾರಿಗಿಂತ ಹೆಚ್ಚು ಫೋಲ್ಡ್ ಬೇಕು.

ಸಿಂಧನೂರು ಕಡೆ ಕಾಲುವೆಯ ಕೊನೆಯ ಭಾಗದ ರೈತ ಭತ್ತಕ್ಕೆ ಖರ್ಚು ಮಾಡುವುದೂ ಇದೇ ಲೆಕ್ಕದ ಮೇಲೆ. ಎರಡು ಸರದಿ ನೀರು ಬಾಕಿ ಇದೆ ಎಂದಾಗ ಗೊಬ್ಬರಕ್ಕೆ ಧೈರ್ಯವಾಗಿ ಕೈ ಹಾಕುತ್ತಾನೆ. ಒಂದೇ ಸರದಿ ಉಳಿದಿದೆ, ಅದೂ ಬರುತ್ತದೋ ಇಲ್ಲವೋ ಎಂದಾಗ ಅದೇ ಗದ್ದೆಗೆ ಅದೇ ಚೀಲ ಸುರಿಯುವುದಿಲ್ಲ.

ಹೀಗಾಗಿ ದೊಡ್ಡ ಡ್ರಾ ಜೊತೆ ಆಕ್ರಮಣ ಮಾಡುವುದಿದ್ದರೆ ಫ್ಲಾಪ್‌ನಲ್ಲೇ ಮಾಡಿ. ಫ್ಲಾಪ್‌ನಲ್ಲಿ ಮೆತ್ತಗೆ ಕಾಲ್ ಮಾಡಿ ಟರ್ನ್‌ನಲ್ಲಿ ಎಲೆ ಬೀಳದಿದ್ದಾಗ ಸಿಟ್ಟಿಗೆ ಆಲ್ ಇನ್ ಹಾಕುವವರನ್ನು ಪ್ರತಿ ಟೇಬಲ್‌ನಲ್ಲೂ ಕಾಣಬಹುದು. ಅವರು ಬೆಲೆ ಇದ್ದಾಗ ಸುಮ್ಮನಿದ್ದು, ಬೆಲೆ ಅರ್ಧವಾದ ಮೇಲೆ ಮಾರಲು ಹೊರಡುತ್ತಾರೆ.

ಸ್ಟ್ಯಾಕ್ ಚಿಕ್ಕದಾದಷ್ಟೂ ಇದು ಸರಳ. ಮೇಲಿನ ಕೈಯನ್ನೇ 40 ಬಿಬಿ ಇಟ್ಟುಕೊಂಡು ಆಡಿದರೆ 3.5ರ ಬೆಟ್‌ಗೆ ನೇರ 37.5ಕ್ಕೆ ಆಲ್ ಇನ್ ಹಾಕಬಹುದು. ಫೋಲ್ಡ್ ಬಂದರೆ 9 ಲಾಭ, ಎಕ್ಕದ ಜೋಡಿ ಕಾಲ್ ಮಾಡಿದರೆ ಸರಾಸರಿ ಸುಮಾರು 8 ಲಾಭ, ಸೆಟ್ ಕಾಲ್ ಮಾಡಿದರೆ ಮಾತ್ರ ಮೂರೂವರೆ ನಷ್ಟ. ಅದೇ ಜಾಗದಲ್ಲಿ ಬರೀ 9 ಔಟ್ ಇದ್ದರೆ ಕಾಲ್ ಬಂದಾಗಲೆಲ್ಲ 9 ಬಿಬಿಗೂ ಹೆಚ್ಚು ನಷ್ಟ, ಅರ್ಧಕ್ಕಿಂತ ಹೆಚ್ಚು ಬಾರಿ ಫೋಲ್ಡ್ ಬಂದರಷ್ಟೇ ಗಿಟ್ಟುತ್ತದೆ. ಹದಿನೈದಕ್ಕೂ ಒಂಬತ್ತಕ್ಕೂ ನಡುವೆ ಎಷ್ಟು ಅಂತರವಿದೆ ಎಂದು ಇದರಿಂದ ತಿಳಿಯುತ್ತದೆ. 200 ಬಿಬಿಯ ಆಳವಾದ ಟೇಬಲ್‌ನಲ್ಲಿ ಮಾತ್ರ ಎಚ್ಚರಿಕೆ ಬೇಕು. ಅಲ್ಲಿ ಮರುರೇಸ್ ಬಂದಾಗ ಕಾಲ್ ದುಬಾರಿ, ಎಲ್ಲ ಚಿಪ್ಸ್ ಒಳಗೆ ಹೋಗುವ ಹೊತ್ತಿಗೆ ಎದುರಿನ ಕೈ ಸೆಟ್ ಅಥವಾ ದೊಡ್ಡ ಫ್ಲಶ್ ಡ್ರಾ ಆಗಿರುವುದೇ ಹೆಚ್ಚು.

ಕಾಲ್ ಮಾಡುವುದೇ ಸರಿ ಎನ್ನುವಾಗ

ಎಲ್ಲ ಡ್ರಾವನ್ನೂ ರೇಸ್ ಮಾಡಬೇಕೆಂದು ಇದರ ಅರ್ಥವಲ್ಲ. ಎಕ್ಕ ಇರುವ ಫ್ಲಶ್ ಡ್ರಾ, ಉದಾಹರಣೆಗೆ ರಾಜ ಎತ್ತರದ ಬೋರ್ಡ್‌ನಲ್ಲಿ ಆಟೀನ್ ಎಕ್ಕ–10, ಪೊಸಿಷನ್ ಇದ್ದಾಗ (ಎದುರಾಳಿಯ ನಂತರ ಆಡುವ ಸರದಿ ನಿಮ್ಮದಾಗಿದ್ದಾಗ) ಕಾಲ್ ಮಾಡಲು ಬಹಳ ಒಳ್ಳೆಯ ಕೈ. ಸಣ್ಣ ಫ್ಲಶ್ ಡ್ರಾ ಹಿಡಿದವರು ಒಳಗೇ ಉಳಿಯುತ್ತಾರೆ, ಎಲೆ ಬಿದ್ದಾಗ ಅವರ ಚಿಪ್ಸ್ ಪೂರ್ತಿ ನಿಮ್ಮ ಕಡೆ. ಎಕ್ಕ ಬಿದ್ದರೂ ಕೈ ಮುಂದಾಗಬಹುದು. ಇಂಥ ಕೈಯಿಂದ ದುರ್ಬಲರನ್ನು ಓಡಿಸುವುದಕ್ಕಿಂತ ಜೊತೆಯಲ್ಲಿ ಇಟ್ಟುಕೊಳ್ಳುವುದು ಲಾಭ.

ಕಾಲ್‌ಗೆ ಬೇಕಾದ ಬಲ ನೆನಪಿಡಿ: ಪಾಟ್‌ನ ಮೂರನೇ ಒಂದು ಭಾಗದ ಬೆಟ್‌ಗೆ ಶೇ 20, ಅರ್ಧ ಪಾಟ್‌ಗೆ ಶೇ 25, ಮೂರನೇ ಎರಡಕ್ಕೆ ಸುಮಾರು ಶೇ 29, ಪೂರ್ತಿ ಪಾಟ್‌ಗೆ ಶೇ 33. ಟರ್ನ್‌ನಲ್ಲಿ ಬರೀ ಫ್ಲಶ್ ಡ್ರಾಗೆ ಶೇ 19.6 ಇರುವುದರಿಂದ ಅರ್ಧ ಪಾಟ್ ಬೆಟ್ ಕೂಡ ನೇರ ಲೆಕ್ಕಕ್ಕೆ ನಷ್ಟ. ಕೊರತೆ ತುಂಬಬೇಕಾದ್ದು ರಿವರ್‌ನಲ್ಲಿ. ಎಷ್ಟು ತುಂಬಬೇಕು? ಪಾಟ್ 20, ಬೆಟ್ 10. ಎಲೆ ಬೀಳದ ಸಾಧ್ಯತೆ ಬೀಳುವುದರ 4.1 ಪಟ್ಟು, ಹಾಗಾಗಿ 10 ಕೊಟ್ಟವನಿಗೆ ಬಿದ್ದಾಗ 41 ಸಿಗಬೇಕು. ನಡುವೆ 30 ಇದೆ. ಉಳಿದ 11 ಬಿಬಿಯನ್ನು ಎಲೆ ಬಿದ್ದ ಪ್ರತಿ ಸಲ ಸರಾಸರಿಯಾಗಿ ವಸೂಲು ಮಾಡಬೇಕು. ರಿವರ್ ಹೊತ್ತಿಗೆ 20 ಮತ್ತು ಎರಡು ಹತ್ತು ಸೇರಿ 40ರ ಪಾಟ್ ಆಗಿರುತ್ತದೆ, ಅದರಲ್ಲಿ 11 ಎಂದರೆ ಕಾಲು ಭಾಗದ ಬೆಟ್. ಆಗುವ ಮಾತು. ಬೆಟ್ ಪೂರ್ತಿ 20 ಆಗಿದ್ದರೆ ರಿವರ್‌ನಲ್ಲಿ 42 ಬಿಬಿ ವಸೂಲಾಗಬೇಕು. ಮೂರನೇ ಆಟೀನ್ ಬಿದ್ದದ್ದನ್ನು ಕಣ್ಣಾರೆ ನೋಡಿದ ಎದುರಾಳಿ ಪ್ರತಿ ಸಲ ಅಷ್ಟು ಕೊಡುವುದು ಅಪರೂಪ. ಅವನ ಬಳಿ ಉಳಿದದ್ದೇ 25 ಇದ್ದರೆ ಪ್ರಶ್ನೆಯೇ ಇಲ್ಲ, ಫೋಲ್ಡ್.

ಫ್ಲಶ್‌ಗಿಂತ ಸ್ಟ್ರೇಟ್ ಹೆಚ್ಚು ವಸೂಲು ಮಾಡಿಕೊಡುತ್ತದೆ, ಏಕೆಂದರೆ ಕಣ್ಣಿಗೆ ಕಾಣುವುದಿಲ್ಲ. 9–6–2ರ ಮೇಲೆ 5 ಬಿದ್ದರೆ ದೊಡ್ಡ ಜೋಡಿಯವನಿಗೆ ಅನುಮಾನವೇ ಬರುವುದಿಲ್ಲ.

ಆದರೆ ಸ್ಟ್ರೇಟ್‌ನ ಯಾವ ತುದಿ ಎಂದು ನೋಡಿ. 6–5 ಹಿಡಿದು ಬೋರ್ಡ್ ರಾಜ–8–7 ಇದ್ದರೆ ಎಂಟು ಔಟ್ ಎನ್ನುತ್ತೇವೆ. 4 ಬಿದ್ದರೆ ನಿಮ್ಮದೇ ಅತಿ ದೊಡ್ಡ ಕೈ. 9 ಬಿದ್ದರೆ ಗುಲಾಮ–10 ಹಿಡಿದವನೂ 10–6 ಹಿಡಿದವನೂ ನಿಮಗಿಂತ ಮೇಲೆ. ಅಂದರೆ ಸ್ವಚ್ಛ ಔಟ್ ನಾಲ್ಕೇ. ಅದೇ 8–7 ಹಿಡಿದು 9–6–2 ಇದ್ದರೆ 10 ಬಿದ್ದರೂ 5 ಬಿದ್ದರೂ ಅತಿ ದೊಡ್ಡ ಸ್ಟ್ರೇಟ್ ನಿಮ್ಮದೇ. ಎರಡನ್ನೂ ಎಂಟು ಔಟ್ ಎಂದು ಒಂದೇ ತಕ್ಕಡಿಗೆ ಹಾಕುವವರು ದೊಡ್ಡ ಪಾಟ್‌ಗಳನ್ನೇ ಸೋಲುತ್ತಾರೆ. ಬೋರ್ಡ್ ಜೋಡಿಯಾಗಿದ್ದರೂ ಹಾಗೆಯೇ. 9–9–6ರ ಮೇಲೆ ಫ್ಲಶ್ ಡ್ರಾ ಹಿಡಿದವನ ಎದುರು 6ರ ಜೋಡಿ ಇದ್ದರೆ ಒಂಬತ್ತು ಔಟ್‌ನಲ್ಲಿ ಒಂದಕ್ಕೂ ಬೆಲೆ ಇಲ್ಲ.

ಪೊಸಿಷನ್ ನಿಮ್ಮದಾಗಿದ್ದರೆ ಇನ್ನೊಂದು ಉಪಾಯ ಇದೆ. ಪಾಟ್ 5.5, ಅವನ ಬೆಟ್ 3.5, ನೀವು 10ಕ್ಕೆ ರೇಸ್. ಕಾಲ್ ಮಾಡಿದವನು ಟರ್ನ್‌ನಲ್ಲಿ ಸಾಮಾನ್ಯವಾಗಿ ಚೆಕ್ ಮಾಡುತ್ತಾನೆ, ಎಲೆ ಬೀಳದಿದ್ದರೆ ನೀವೂ ಚೆಕ್ ಮಾಡಿ ರಿವರ್ ಪುಕ್ಕಟೆ ನೋಡುತ್ತೀರಿ. 10 ಬಿಬಿಗೆ ಎರಡು ಎಲೆ. ಬರೀ ಕಾಲ್ ಮಾಡಿದ್ದರೆ ಫ್ಲಾಪ್‌ನಲ್ಲಿ 3.5, ಟರ್ನ್‌ನಲ್ಲಿ ಮೂರನೇ ಎರಡು ಪಾಟ್‌ನ ಬೆಟ್‌ಗೆ ಸುಮಾರು 8.3, ಒಟ್ಟು 12ರ ಹತ್ತಿರ ಹೋಗುತ್ತಿತ್ತು, ಫೋಲ್ಡ್ ಸಿಗುವ ಅವಕಾಶವೂ ಇರುತ್ತಿರಲಿಲ್ಲ.

ಯಾರೂ ಫೋಲ್ಡ್ ಮಾಡದ ಟೇಬಲ್

ಉಚಿತ ಚಿಪ್ಸ್ ಟೇಬಲ್‌ನಲ್ಲಿ ಆಡುವ ನಮ್ಮ ಕಡೆಯವರಿಗೆ ಇದೇ ಎಲ್ಲಕ್ಕಿಂತ ಮುಖ್ಯ. ಚಿಪ್ಸ್ ಖಾಲಿಯಾದರೆ ಬಟನ್ ಒತ್ತಿ ಮತ್ತೆ ತುಂಬಿಸಿಕೊಳ್ಳುವವನು ಕೆಳಗಿನ ಜೋಡಿಯಿಂದಲೂ ಆಲ್ ಇನ್‌ಗೆ ಕಾಲ್ ಮಾಡುತ್ತಾನೆ. ಅಲ್ಲಿ ಎರಡನೆಯ ದಾರಿ ಇಲ್ಲ. ಮೇಲಿನ ಲೆಕ್ಕಗಳಲ್ಲಿ ಫೋಲ್ಡ್‌ನ ಜಾಗಕ್ಕೆ ಸೊನ್ನೆ ಹಾಕಿ ನೋಡಿ: 9 ಔಟ್ ಇಟ್ಟುಕೊಂಡು ಒಬ್ಬನ ಎದುರು ಹಾಕುವ ಆಲ್ ಇನ್ ಪ್ರತಿ ಸಲ ನಷ್ಟ. 15 ಔಟ್‌ನದು ಆಗಲೂ ಗಿಟ್ಟುತ್ತದೆ, ಏಕೆಂದರೆ ಅದು ಬ್ಲಫ್ ಅಲ್ಲ, ಜೋಡಿಗಳೆದುರು ಅದೇ ಮೇಲಿನ ಕೈ.

ಇದಕ್ಕೊಂದು ಒಳ್ಳೆಯ ಮಗ್ಗುಲೂ ಇದೆ. ನಾಲ್ಕು ಜನ ಪಾಟ್‌ನಲ್ಲಿದ್ದು ಮೂವರೂ ಕಾಲ್ ಮಾಡುವುದು ಖಚಿತವಾದರೆ, ಒಳಗೆ ಹೋಗುವ ಪ್ರತಿ 100 ಚಿಪ್ಸ್‌ನಲ್ಲಿ ನೀವು ಹಾಕುವುದು 25. ಎಕ್ಕದ ಫ್ಲಶ್ ಡ್ರಾ ಬೀಳುವುದು ಶೇ 35. ಅಂದರೆ ಎಲೆ ಬೀಳುವ ಮೊದಲೇ ರೇಸ್ ಮಾಡಿ ಪಾಟ್ ಬೆಳೆಸುವುದು ಶುದ್ಧ ಲಾಭ, ಯಾರಾದರೂ ಫೋಲ್ಡ್ ಮಾಡಿದರೆ ಬೇಸರಪಡಬೇಕು. ಇಬ್ಬರಷ್ಟೇ ಕಾಲ್ ಮಾಡಿದರೆ ನಿಮ್ಮ ಪಾಲು 33, ಲಾಭ ತೆಳುವಾಗುತ್ತದೆ. ಇದು ಎಕ್ಕದ ಡ್ರಾಗೆ ಮಾತ್ರ ಹೇಳಿದ್ದು. ಜನ ಹೆಚ್ಚಾದಷ್ಟೂ ಇನ್ನೊಬ್ಬರ ಕೈಯಲ್ಲೂ ಅದೇ ಬಣ್ಣ ಇರುವ ಸಂಭವ ಹೆಚ್ಚು, 7 ಎತ್ತರದ ಫ್ಲಶ್ ಹಿಡಿದವನು ಎಲೆ ಬಿದ್ದ ದಿನವೇ ಹೆಚ್ಚು ಸೋಲುತ್ತಾನೆ.

ಗೆಳೆಯರ ಖಾಸಗಿ ರೂಮ್‌ನಲ್ಲಿ, ರಾತ್ರಿಗೆ ಒಂದೇ ಸ್ಟ್ಯಾಕ್, ಮತ್ತೆ ತುಂಬಿಸಿಕೊಳ್ಳುವಂತಿಲ್ಲ ಎಂದು ನಿಯಮ ಮಾಡಿದರೆ ಜನ ಚಿಪ್ಸ್‌ಗೆ ಮರ್ಯಾದೆ ಕೊಟ್ಟು ಆಡುತ್ತಾರೆ, ಫೋಲ್ಡ್ ಮತ್ತೆ ಬದುಕುತ್ತದೆ. ಸೆಮಿ ಬ್ಲಫ್, ಅಂದರೆ ಡ್ರಾ ಹಿಡಿದು ಫೋಲ್ಡ್ ಮಾಡಿಸಲು ಬೆಟ್ ಹಾಕುವುದನ್ನು, ಅಭ್ಯಾಸ ಮಾಡುವುದಿದ್ದರೆ ಅಂಥ ರೂಮ್ ಬೇಕು. ಅಲ್ಲೂ ಇಬ್ಬರ ಎದುರು ಬ್ಲಫ್ ಮಾಡುವಾಗ ಲೆಕ್ಕ ಮರೆಯಬೇಡಿ: ಒಬ್ಬೊಬ್ಬರೂ ಅರ್ಧ ಬಾರಿ ಫೋಲ್ಡ್ ಮಾಡುವವರಾದರೆ ಇಬ್ಬರೂ ಒಟ್ಟಿಗೆ ಮಾಡುವುದು ಕಾಲು ಬಾರಿ ಮಾತ್ರ.

ಪರದೆಯ ಮೇಲಿನ ಸಿದ್ಧತೆಯ ಬಗ್ಗೆ ಎರಡು ಮಾತು. ಸೆಟ್ಟಿಂಗ್ಸ್‌ನಲ್ಲಿ ನಾಲ್ಕು ಬಣ್ಣದ ಡೆಕ್ ಆರಿಸಿ. ಮೊಬೈಲ್‌ನಲ್ಲಿ ಆಟೀನ್ ಮತ್ತು ಡೈಮಂಡ್ ಎರಡೂ ಕೆಂಪಾಗಿದ್ದರೆ ಇಲ್ಲದ ಫ್ಲಶ್ ಡ್ರಾ ಕಾಣುತ್ತದೆ. ಬೆಟ್ ಬಟನ್‌ಗಳನ್ನು ಮೂರನೇ ಒಂದು, ಮೂರನೇ ಎರಡು, ಪೂರ್ತಿ ಪಾಟ್ ಎಂದು ಇಟ್ಟುಕೊಂಡರೆ ಮೇಲೆ ಹೇಳಿದ ಶೇಕಡಾಗಳು ಬಾಯಿಪಾಠವಾಗುತ್ತವೆ. ಬೇಸಿಗೆಯಲ್ಲಿ ಕರೆಂಟ್ ಹೋಗಿ ವೈಫೈ ಸತ್ತರೆ ಸಮಯ ಮುಗಿದ ಕೂಡಲೇ ಕೈ ಫೋಲ್ಡ್ ಆಗುತ್ತದೆ, ಆದ್ದರಿಂದ ಮೊಬೈಲ್ ಡೇಟಾ ಸಿದ್ಧವಿರಲಿ. ಈಕ್ವಿಲ್ಯಾಬ್‌ನಂಥ ಲೆಕ್ಕದ ತಂತ್ರಾಂಶವನ್ನು ಆಟ ಮುಗಿದ ಮೇಲೆ ತೆರೆಯಿರಿ, ಆಟದ ನಡುವೆ ಅಲ್ಲ. ಕೈಯ ದಾಖಲೆ ತೆಗೆದು, ಮೊದಲು ನಿಮ್ಮ ಅಂದಾಜು ಶೇಕಡಾ ಬರೆದಿಟ್ಟು ಆಮೇಲೆ ಯಂತ್ರ ಏನು ಹೇಳುತ್ತದೆಂದು ನೋಡಿದರೆ ಅಂದಾಜು ಬೇಗ ಹದಕ್ಕೆ ಬರುತ್ತದೆ.

ರಿವರ್‌ನಲ್ಲಿ ಎಲೆ ಬೀಳದಿದ್ದರೆ

ಮೊದಲ ಕೈಗೆ ಹಿಂತಿರುಗಿ, ಟರ್ನ್‌ನಲ್ಲಿ 20 ಹಾಕಿದಿರಿ, ಅವನು ಕಾಲ್ ಮಾಡಿದ ಎಂದುಕೊಳ್ಳಿ. ಪಾಟ್ 69.5, ನಿಮ್ಮ ಬಳಿ 65.5, ರಿವರ್ ಇಸ್ಪೀಟ್ ರಾಣಿ. ಈಗ ನಿಮ್ಮದು 8 ಎತ್ತರದ ಕೈ, ಚೆಕ್ ಮಾಡಿ ಗೆಲ್ಲುವ ಮಾತಿಲ್ಲ. ಆಲ್ ಇನ್ ಬ್ಲಫ್ ಗಿಟ್ಟಲು ನೂರಕ್ಕೆ 49 ಬಾರಿ ಫೋಲ್ಡ್ ಬೇಕು.

ಇಲ್ಲಿ ಹಲವರು ಗಮನಿಸದ ವಿಷಯ ಒಂದಿದೆ. ಎದುರಾಳಿ ಸಲೀಸಾಗಿ ಫೋಲ್ಡ್ ಮಾಡುವ ಕೈಗಳು ಯಾವುವು? ಅವನ ತಪ್ಪಿಹೋದ ಆಟೀನ್ ಡ್ರಾಗಳು. ಆದರೆ ಎರಡು ಆಟೀನ್ ನಿಮ್ಮ ಕೈಯಲ್ಲೇ ಇವೆ, ಎರಡು ಬೋರ್ಡ್‌ನಲ್ಲಿ. ಅವನ ಬಳಿ ಆ ಡ್ರಾ ಇರುವ ಸಂಭವ ಅಷ್ಟಕ್ಕಷ್ಟು ಕಡಿಮೆ, ಅಂದರೆ ಅವನ ಕೈಯಲ್ಲಿ ಜೋಡಿ ಇರುವ ಸಂಭವ ಹೆಚ್ಚು. ಹೀಗಾಗಿ ತಪ್ಪಿದ ಫ್ಲಶ್ ಡ್ರಾ ರಿವರ್ ಬ್ಲಫ್‌ಗೆ ಒಳ್ಳೆಯ ಕೈಯಲ್ಲ. ಇಸ್ಪೀಟ್ 8–7 ಹಿಡಿದು ಸ್ಟ್ರೇಟ್ ತಪ್ಪಿದ್ದರೆ ಬ್ಲಫ್ ಹೆಚ್ಚು ಬಾರಿ ಫಲಿಸುತ್ತದೆ. ಆಟೀನ್‌ಗಳು ಆಗ ಎದುರಾಳಿಯ ಕೈಯಲ್ಲಿ ಇರಲು ಜಾಗ ಇರುತ್ತದೆ. ಎದುರಿನವನು ಟರ್ನ್‌ನಲ್ಲಿ ಎರಡನೇ ಬೆಟ್‌ಗೆ ಕಾಲ್ ಮಾಡಿ ರಿವರ್‌ನಲ್ಲಿ ಬಿಟ್ಟದ್ದನ್ನು ಹಿಂದೆ ಕಂಡಿದ್ದರೆ ಆಟೀನ್ 8–7ರಿಂದಲೂ ಹಾಕಿ. ಕಂಡಿಲ್ಲವಾದರೆ ಚೆಕ್ ಮಾಡಿ 65.5 ಬಿಬಿ ಉಳಿಸಿಕೊಂಡು ಮುಂದಿನ ಕೈಗೆ ಹೋಗಿ.